ಗಂಧಕಾಮ್ಲದ ಆರೋಗ್ಯಾಪಾಯಗಳು

ಗಂಧಕಾಮ್ಲದ ಆರೋಗ್ಯಾಪಾಯಗಳು ಎಂಬ ಈ ಲೇಖನವು ಗಂಧಕಾಮ್ಲ ಅಥವಾ ಸಲ್ಫ್ಯೂರಿಕ್ ಆಮ್ಲವನ್ನು ಪ್ರಯೋಗಾಲಯಗಳಲ್ಲಿಯೂ ಅದಕ್ಕೆ ಹೊಂದಿಕೊಂಡ ಕೆಲಸಗಳಲ್ಲಿಯೂ ಬಳಸುವಾಗ ಮನುಷ್ಯನ ಚರ್ಮ, ಕಣ್ಣು, ಶ್ವಾಸಾಂಗ ಮತ್ತು ಜೀರ್ಣಾಂಗಗಳಿಗೆ ಒದಗುವ ಹಾನಿಯನ್ನು, ಅದರ ಪ್ರಥಮ ಚಿಕಿತ್ಸೆಯನ್ನು ಹಾಗೂ ಆಮ್ಲದ ಸಂಗ್ರಹ, ವಿಲೇವಾರಿ ಮತ್ತು ಮಾರಾಟಕ್ಕೆ ಸಂಬಂಧಿಸಿದ ನಿಯಮಗಳನ್ನು ವಿವರಿಸುತ್ತದೆ. ಗಂಧಕಾಮ್ಲವು ಸಂಕ್ಷಾರಕ, ಅಂದರೆ ಮುಟ್ಟಿದ್ದನ್ನು ಕೊರೆದು ತಿನ್ನುವ ದ್ರವ. ಜಗತ್ತಿನಲ್ಲಿ ಅತಿ ಹೆಚ್ಚು ಪ್ರಮಾಣದಲ್ಲಿ ತಯಾರಾಗುವ ರಾಸಾಯನಿಕಗಳ ಸಾಲಿನಲ್ಲಿ ಇದೂ ಒಂದು. ರಸಗೊಬ್ಬರದಿಂದ ಹಿಡಿದು ವಾಹನದ ಬ್ಯಾಟರಿಯವರೆಗೆ ಇದರ ಬಳಕೆ ಹರಡಿದೆ. ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಅಂದರೆ ಜಯನಗರ, ಜೆ.ಪಿ.ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ ಮತ್ತು ಅವುಗಳಿಗೆ ಹೊಂದಿಕೊಂಡ ಆಡುಗೋಡಿ ಪ್ರದೇಶಗಳಲ್ಲಿ, ಕಾಲೇಜುಗಳು, ಹೈನು ಪ್ರಯೋಗಾಲಯಗಳು ಮತ್ತು ಬ್ಯಾಟರಿ ಅಂಗಡಿಗಳು ಒತ್ತೊತ್ತಾಗಿರುವುದರಿಂದ ಈ ಆಮ್ಲದ ಪರಿಚಯವಿಲ್ಲದ ಬೀದಿ ಅಲ್ಲಿ ವಿರಳ.

ಹೆಸರು ಮತ್ತು ಗುಣಗಳು

ಕನ್ನಡದ ವಿಜ್ಞಾನ ಬರಹಗಳಲ್ಲಿ ಗಂಧಕಾಮ್ಲ ಮತ್ತು ಸಲ್ಫ್ಯೂರಿಕ್ ಆಮ್ಲ ಎಂಬ ಎರಡೂ ಹೆಸರುಗಳು ಬಳಕೆಯಲ್ಲಿವೆ. ಆಡುಮಾತಿನಲ್ಲಿ ಇದು ಬರಿಯ ‘ಆಸಿಡ್’. ಆದರೆ ಅದೇ ಹೆಸರಿನಿಂದ ಕಕ್ಕಸು ತೊಳೆಯಲು ಬಳಸುವ ಹೈಡ್ರೋಕ್ಲೋರಿಕ್ ಆಮ್ಲವನ್ನೂ, ಅಕ್ಕಸಾಲಿಗರು ಬಳಸುವ ನೈಟ್ರಿಕ್ ಆಮ್ಲವನ್ನೂ ಕರೆಯುವುದರಿಂದ ಅಪಘಾತದ ವೇಳೆ ಆಸ್ಪತ್ರೆಯಲ್ಲಿ ಗೊಂದಲ ಉಂಟಾಗಬಹುದು. ಗಾಯಾಳುವಿನೊಡನೆ ಶೀಶೆಯ ಚೀಟಿಯನ್ನು ಅಥವಾ ಅದರ ಛಾಯಾಚಿತ್ರವನ್ನು ಒಯ್ಯಬೇಕೆಂದು ಹೇಳುವುದು ಈ ಕಾರಣದಿಂದ.

ಪ್ರಯೋಗಾಲಯಕ್ಕೆ ಬರುವ ಸಾರೀಕೃತ ಗಂಧಕಾಮ್ಲದಲ್ಲಿ ತೂಕದ ಶೇ. 98ರಷ್ಟು ಆಮ್ಲವಿರುತ್ತದೆ. ಅದರ ಸಾಂದ್ರತೆ ನೀರಿನ 1.84 ಪಟ್ಟು. ಎಣ್ಣೆಯಂತೆ ಮಂದವಾಗಿದ್ದು, ಶುದ್ಧವಾಗಿದ್ದರೆ ಬಣ್ಣವಾಗಲಿ ವಾಸನೆಯಾಗಲಿ ಇರುವುದಿಲ್ಲ. ಕುದಿಬಿಂದು ಸುಮಾರು 337 ಡಿಗ್ರಿ ಸೆಲ್ಸಿಯಸ್. ಸಾಮಾನ್ಯ ಉಷ್ಣಾಂಶದಲ್ಲಿ ಇದು ಬಹುಮಟ್ಟಿಗೆ ಆವಿಯಾಗದು. ಈ ಗುಣ ಸುರಕ್ಷಿತವೆಂಬ ಭಾವನೆ ತರುತ್ತದಾದರೂ ವಾಸ್ತವದಲ್ಲಿ ಅದರಿಂದಲೇ ಒಂದು ಕೇಡು ಹುಟ್ಟುತ್ತದೆ. ಬಟ್ಟೆಯ ಮೇಲೆ ಸಿಡಿದ ಸಾರರಿಕ್ತ ಆಮ್ಲದ ಹನಿಯಿಂದ ನೀರು ಮಾತ್ರ ಆರಿಹೋಗಿ, ಉಳಿದ ಆಮ್ಲ ಗಂಟೆಗಳು ಕಳೆದಂತೆ ಸಾರೀಕೃತವಾಗುತ್ತದೆ. ಪ್ರಯೋಗ ಮುಗಿಸಿದ ವಿದ್ಯಾರ್ಥಿಯ ಅಂಗಿಯಲ್ಲಿ ಮರುದಿನದ ಒಗೆತಕ್ಕೆ ತೂತುಗಳು ಕಾಣಿಸಿಕೊಳ್ಳುವುದು ಹೀಗೆ.

ಈ ಆಮ್ಲಕ್ಕೆ ನೀರಿನ ಮೇಲೆ ತೀವ್ರವಾದ ಆಕರ್ಷಣೆಯಿದೆ. ಸಕ್ಕರೆಯ ಮೇಲೆ ಸುರಿದರೆ ಅದರಲ್ಲಿನ ಹೈಡ್ರೋಜನ್ ಮತ್ತು ಆಮ್ಲಜನಕವನ್ನು ನೀರಿನ ರೂಪದಲ್ಲಿ ಸೆಳೆದುಕೊಂಡು ಕರಿಯ ಇದ್ದಿಲನ್ನು ಉಳಿಸುತ್ತದೆ. ಶಾಲಾ ಪ್ರದರ್ಶನಗಳಲ್ಲಿ ಮೆಚ್ಚುಗೆ ಪಡೆಯುವ ಈ ಪ್ರಯೋಗವು ಚರ್ಮದ ಮೇಲೆ ನಡೆಯುವುದರ ತಕ್ಕ ಮಾದರಿಯೂ ಹೌದು. ನೀರಿನೊಡನೆ ಬೆರೆಯುವಾಗ ಬಹಳ ಶಾಖ ಹೊಮ್ಮುತ್ತದೆ. ಆದ್ದರಿಂದ ಆಮ್ಲವನ್ನು ನೀರಿಗೆ ಸ್ವಲ್ಪಸ್ವಲ್ಪವಾಗಿ, ಕಲಕುತ್ತ ಸುರಿಯಬೇಕೇ ಹೊರತು ನೀರನ್ನು ಆಮ್ಲಕ್ಕೆ ಸುರಿಯಬಾರದು. ಹಗುರವಾದ ನೀರು ಭಾರವಾದ ಆಮ್ಲದ ಮೇಲೆಯೇ ನಿಂತು ಕ್ಷಣಾರ್ಧದಲ್ಲಿ ಕುದಿದು, ಆಮ್ಲವನ್ನು ಹೊತ್ತು ಮುಖಕ್ಕೆ ಸಿಡಿಯುತ್ತದೆ.

ದಕ್ಷಿಣ ಬೆಂಗಳೂರಿನಲ್ಲಿ ಬಳಕೆ

ಜಯನಗರದ ನ್ಯಾಷನಲ್ ಕಾಲೇಜು, ವಿಜಯ ಕಾಲೇಜು ಮೊದಲಾಗಿ ಈ ಭಾಗದಲ್ಲಿ ವಿಜ್ಞಾನ ಬೋಧಿಸುವ ಪದವಿಪೂರ್ವ ಹಾಗೂ ಪದವಿ ಕಾಲೇಜುಗಳು ಅನೇಕ. ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಾಯೋಗಿಕ ಪಾಠಗಳಲ್ಲಿ ಗಂಧಕಾಮ್ಲವು ಎರಡು ರೂಪದಲ್ಲಿ ವಿದ್ಯಾರ್ಥಿಯ ಕೈಗೆ ಬರುತ್ತದೆ. ಪೊಟ್ಯಾಸಿಯಮ್ ಪರ್ಮಾಂಗನೇಟಿನ ಟೈಟ್ರೇಷನ್ನಿಗೆ ಸಾರರಿಕ್ತ ಆಮ್ಲ ಬೇಕು. ಲವಣ ವಿಶ್ಲೇಷಣೆಗೆ ಸಾರೀಕೃತ ಆಮ್ಲವೇ ಬೇಕು. ಕ್ಲೋರೈಡ್, ಬ್ರೋಮೈಡ್ ಮತ್ತು ನೈಟ್ರೇಟುಗಳನ್ನು ಗುರುತಿಸಲು ಲವಣಕ್ಕೆ ಸಾರೀಕೃತ ಆಮ್ಲ ಸೇರಿಸಿ ಬಿಸಿ ಮಾಡುವುದು, ನೈಟ್ರೇಟಿನ ಕಂದು ಉಂಗುರ ಪರೀಕ್ಷೆಗೆ ಪ್ರನಾಳದ ಒಳಗೋಡೆಯ ಗುಂಟ ಆಮ್ಲವನ್ನು ಇಳಿಬಿಡುವುದು, ಕಾರ್ಬೋಹೈಡ್ರೇಟುಗಳಿಗಾಗಿ ಮೋಲಿಷ್ ಪರೀಕ್ಷೆ ನಡೆಸುವುದು ವಾಡಿಕೆಯ ಪಾಠಗಳು. ಇವುಗಳಲ್ಲಿ ಹೆಚ್ಚು ಅಪಾಯದ್ದು ಮೊದಲನೆಯದು. ಬಿಸಿಯಾಗುತ್ತಿರುವ ಕಿರಿದಾದ ಪ್ರನಾಳದಲ್ಲಿ ದ್ರವವು ಒಮ್ಮೆಗೇ ಉಕ್ಕಿ ಹೊರಗೆ ಹಾರುತ್ತದೆ. ಪ್ರನಾಳದ ಬಾಯಿ ಯಾವ ಕಡೆಗಿದೆಯೋ ಆ ಕಡೆಯಲ್ಲಿ ಸಾಮಾನ್ಯವಾಗಿ ಇನ್ನೊಬ್ಬ ವಿದ್ಯಾರ್ಥಿ ನಿಂತಿರುತ್ತಾನೆ. ಒಂದೇ ಮೇಜಿನ ಎದುರುಬದುರು ಸಾಲುಗಳಲ್ಲಿ ನಾಲ್ವರನ್ನು ನಿಲ್ಲಿಸುವ ಇಕ್ಕಟ್ಟಾದ ಪ್ರಯೋಗಾಲಯಗಳಲ್ಲಿ ‘ಬಾಯಿಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ’ ಎಂಬ ಸೂಚನೆಯನ್ನು ಪಾಲಿಸಲು ಅಂಥ ದಿಕ್ಕೇ ಇರುವುದಿಲ್ಲ.

ಆಮ್ಲದ ನಿತ್ಯ ಬಳಕೆಗೆ ಹೆಸರಾದ ಇನ್ನೊಂದು ಕ್ಷೇತ್ರ ಹೈನುಗಾರಿಕೆ. ಡಾ. ಎಂ.ಎಚ್. ಮರೀಗೌಡ ರಸ್ತೆಯಲ್ಲಿ ಬೆಂಗಳೂರು ಡೈರಿ ಮತ್ತು ಕರ್ನಾಟಕ ಹಾಲು ಮಹಾಮಂಡಳದ ಕೇಂದ್ರ ಕಚೇರಿ ಇವೆ. ಸಮೀಪದ ಡೈರಿ ವೃತ್ತಕ್ಕೆ ಹೆಸರು ಬಂದದ್ದು ಇದರಿಂದ. ಅಲ್ಲಿಂದ ತುಸು ದೂರದ ಆಡುಗೋಡಿಯಲ್ಲಿ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವಿದ್ದು, ಸಂಸ್ಥೆಯ ಆರಂಭವಾದದ್ದೇ 1923ರಲ್ಲಿ ಇಲ್ಲಿ. ಹಾಲಿನ ಜಿಡ್ಡನ್ನು ಅಳೆಯಲು ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರ್ ರೂಪಿಸಿದ ವಿಧಾನವು ಭಾರತೀಯ ಮಾನಕ 1224ರಲ್ಲಿ ಸೇರಿದೆ. ಬ್ಯುಟಿರೋಮೀಟರ್ ಎಂಬ ಗಾಜಿನ ಕೊಳವೆಗೆ ಮೊದಲು 10 ಮಿ.ಲೀ. ಗಂಧಕಾಮ್ಲ, ಬಳಿಕ 10.75 ಮಿ.ಲೀ. ಹಾಲು, ಕೊನೆಗೆ 1 ಮಿ.ಲೀ. ಅಮೈಲ್ ಆಲ್ಕೊಹಾಲ್ ಹಾಕಿ, ರಬ್ಬರ್ ಬಿರಡೆ ಬಿಗಿದು ಕುಲುಕಿ, ಕೇಂದ್ರಾಪಗಾಮಿ ಯಂತ್ರದಲ್ಲಿ ತಿರುಗಿಸಲಾಗುತ್ತದೆ. ಇಲ್ಲಿ ಬಳಸುವ ಆಮ್ಲದ ಸಾಂದ್ರತೆ 1.807ರಿಂದ 1.812, ಅಂದರೆ ಶೇ. 90ರ ಆಸುಪಾಸಿನದು. ಕುಲುಕುವಾಗ ಕೊಳವೆ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿಯಾಗುತ್ತದೆ, ಒಳಗಿನ ಒತ್ತಡ ಏರುತ್ತದೆ. ಬಿರಡೆ ಸಡಿಲವಾಗಿದ್ದರೆ ಅಥವಾ ಕತ್ತಿನ ಗಾಜು ಬಿರುಕು ಬಿಟ್ಟಿದ್ದರೆ ಕುದಿಯುವ ಆಮ್ಲ ಹೊರಚಿಮ್ಮುತ್ತದೆ. ಕೊಳವೆಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ, ಬಿರಡೆಯನ್ನು ಹೆಬ್ಬೆರಳಿನಿಂದ ಒತ್ತಿಹಿಡಿದು, ಮುಖದಿಂದ ದೂರವಿಟ್ಟು ಕುಲುಕುವ ಪದ್ಧತಿ ಇದರಿಂದ ಬಂದಿದೆ. ವಿದ್ಯುನ್ಮಾನ ಜಿಡ್ಡುಮಾಪಕಗಳು ಬಂದ ಮೇಲೆ ಹಳ್ಳಿಗಳ ಹಾಲು ಸಂಘಗಳಲ್ಲಿ ಆಮ್ಲದ ಬಳಕೆ ಬಹಳ ತಗ್ಗಿದೆ. ಆದರೆ ಆ ಮಾಪಕಗಳು ಸರಿಯಾಗಿವೆಯೇ ಎಂದು ತಾಳೆ ನೋಡಲು ಗರ್ಬರ್ ವಿಧಾನವೇ ಆಧಾರವಾಗಿರುವುದರಿಂದ ಪ್ರಯೋಗಾಲಯಗಳಿಂದ ಅದು ಮರೆಯಾಗಿಲ್ಲ.

ಮೇವು ಮತ್ತು ಆಹಾರದಲ್ಲಿ ಪ್ರೋಟೀನಿನ ಪ್ರಮಾಣ ಅಳೆಯುವ ಕೆಲ್ಡಾಲ್ ವಿಧಾನದಲ್ಲಿ ಮಾದರಿಯನ್ನು ಸಾರೀಕೃತ ಗಂಧಕಾಮ್ಲದಲ್ಲಿ ಗಂಟೆಗಟ್ಟಲೆ ಕುದಿಸಲಾಗುತ್ತದೆ. ಕೊಳಚೆ ನೀರಿನ ರಾಸಾಯನಿಕ ಆಮ್ಲಜನಕ ಬೇಡಿಕೆಯ ಪರೀಕ್ಷೆಯಲ್ಲಿ ಅದು ಡೈಕ್ರೋಮೇಟ್ ಹಾಗೂ ಪಾದರಸದ ಲವಣದೊಡನೆ ಸೇರಿ ಇನ್ನಷ್ಟು ವಿಷಕಾರಿಯಾದ ತ್ಯಾಜ್ಯವಾಗುತ್ತದೆ.

ಪ್ರಯೋಗಾಲಯದ ಆಚೆಗೆ ಈ ಆಮ್ಲ ಜನರ ಮನೆಯೊಳಗೆ ಬಂದಿರುವುದು ಸೀಸ–ಆಮ್ಲ ಬ್ಯಾಟರಿಗಳ ಮೂಲಕ. ಯುಪಿಎಸ್ ಬ್ಯಾಟರಿಯಲ್ಲಿರುವುದು ಶೇ. 30ರಿಂದ 38ರಷ್ಟು ಪ್ರಬಲತೆಯ ಗಂಧಕಾಮ್ಲ. ಡಿಸ್ಟಿಲ್ಡ್ ವಾಟರ್ ತುಂಬಿಸಲು ಮುಚ್ಚಳ ತೆರೆಯುವಾಗ ಅದರ ಹನಿ ಕೈಗೆ ತಾಗುವುದುಂಟು. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಹೊರಡುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇ. 4 ಮುಟ್ಟಿದರೆ ಒಂದು ಕಿಡಿಯಿಂದ ಆಸ್ಫೋಟಿಸಿ, ಒಳಗಿನ ಆಮ್ಲವನ್ನು ಸಿಡಿಸಬಲ್ಲದು. ಮೆಟ್ಟಿಲ ಕೆಳಗಿನ ಗಾಳಿಯಾಡದ ಗೂಡಿನಲ್ಲಿ ಬ್ಯಾಟರಿ ಇಡುವುದು ತರವಲ್ಲ.

ದೇಹದ ಮೇಲಿನ ಪರಿಣಾಮಗಳು

ಚರ್ಮ: ಸಾರೀಕೃತ ಗಂಧಕಾಮ್ಲದಿಂದ ಆಗುವ ಗಾಯದಲ್ಲಿ ಮೂರು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಆಮ್ಲವು ಚರ್ಮದ ಪ್ರೋಟೀನನ್ನು ಹೆಪ್ಪುಗಟ್ಟಿಸುತ್ತದೆ, ಅಂಗಾಂಶದ ನೀರನ್ನು ಹೀರುತ್ತದೆ, ಹಾಗೆ ಹೀರುವಾಗ ಹುಟ್ಟಿದ ಶಾಖದಿಂದ ಸುಡುತ್ತದೆ. ಹೆಪ್ಪುಗಟ್ಟಿದ ಪದರವು ಮೊದಲು ಬಿಳಿಚಿಕೊಂಡು, ಬಳಿಕ ಕಂದು ಅಥವಾ ಕಪ್ಪು ಬಣ್ಣದ ಗಟ್ಟಿಯಾದ ಹಕ್ಕಳೆಯಾಗುತ್ತದೆ. ಸೋಡಿಯಂ ಹೈಡ್ರಾಕ್ಸೈಡಿನಂಥ ಪ್ರತ್ಯಾಮ್ಲಗಳು ಕೊಬ್ಬನ್ನು ಸಾಬೂನಾಗಿಸುತ್ತ ಆಳಕ್ಕೆ ಇಳಿಯುತ್ತಲೇ ಹೋಗುವುದಕ್ಕೆ ಹೋಲಿಸಿದರೆ, ಆಮ್ಲದ ಹಕ್ಕಳೆ ಮುಂದಿನ ಇಳಿತವನ್ನು ತುಸು ತಡೆಯುತ್ತದೆ ಎನ್ನಲಾಗುತ್ತದೆ. ಆದರೆ ಸಾರೀಕೃತ ಗಂಧಕಾಮ್ಲದ ವಿಷಯದಲ್ಲಿ ಈ ಸಮಾಧಾನಕ್ಕೆ ಅರ್ಥ ಕಡಮೆ. ತೊಳೆಯುವುದು ತಡವಾದರೆ ಚರ್ಮದ ಪೂರ್ಣ ದಪ್ಪವೂ ಸತ್ತು, ಕಸಿ ಅನಿವಾರ್ಯವಾಗುತ್ತದೆ. ಗುಣವಾದ ಮೇಲೂ ಕಲೆಗಳು ಬಿಗಿದು ಬೆರಳು, ಕತ್ತು, ಕಣ್ಣಿನ ರೆಪ್ಪೆಗಳನ್ನು ಎಳೆಯುತ್ತವೆ. ಸಾರರಿಕ್ತ ಆಮ್ಲ ತಾಗಿದಾಗ ಮೊದಲಿಗೆ ಏನೂ ಅನ್ನಿಸದೆ, ಕೆಲವು ನಿಮಿಷಗಳ ಬಳಿಕ ತುರಿಕೆ ಹಾಗೂ ಉರಿ ತೋರುವುದುಂಟು.

ಕಣ್ಣು: ಅತಿ ಹೆಚ್ಚು ನಷ್ಟ ಸಂಭವಿಸುವುದು ಇಲ್ಲಿಯೇ. ಕಾರ್ನಿಯಾದ ಹೊರಪದರ ಕ್ಷಣಗಳಲ್ಲಿ ಮಬ್ಬಾಗುತ್ತದೆ. ಕಾರ್ನಿಯಾದ ಅಂಚಿನಲ್ಲಿ, ಬಿಳಿಯ ಭಾಗವು ಕೂಡುವಲ್ಲಿ, ಹೊರಪದರವನ್ನು ಜೀವಮಾನವಿಡೀ ಹೊಸದಾಗಿಸುವ ಕಾಂಡಕೋಶಗಳಿವೆ. ಆಮ್ಲವು ಮೇಲ್ಪದರವನ್ನು ಮಾತ್ರ ಕೆಡಿಸಿದರೆ ಕೆಲವೇ ದಿನಗಳಲ್ಲಿ ಕಣ್ಣು ತಿಳಿಯಾಗುತ್ತದೆ. ಅಂಚಿನ ಕಾಂಡಕೋಶಗಳು ನಾಶವಾದರೆ ಕಾರ್ನಿಯಾದ ಮೇಲೆ ರಕ್ತನಾಳಗಳು ಹಬ್ಬಿ ದೃಷ್ಟಿ ಶಾಶ್ವತವಾಗಿ ಮಸುಕಾಗುತ್ತದೆ. ಅಂಚಿನ ಸುತ್ತ ಎಷ್ಟು ಭಾಗ ರಕ್ತವಿಲ್ಲದೆ ಬಿಳಿಚಿದೆ ಎಂಬುದನ್ನು ನೋಡಿ ವೈದ್ಯರು ಮುಂದಿನ ಸ್ಥಿತಿಯನ್ನು ಅಂದಾಜು ಮಾಡುವುದು ಇದರಿಂದಲೇ. ರೆಪ್ಪೆಯ ಒಳಮೈ ಕಣ್ಣುಗುಡ್ಡೆಗೆ ಅಂಟಿಕೊಳ್ಳುವುದು ಮತ್ತು ಕಣ್ಣಿನ ಒಳಒತ್ತಡ ಏರುವುದು ತಡವಾಗಿ ಬರುವ ತೊಡಕುಗಳು.

ಶ್ವಾಸಾಂಗ: ತಣ್ಣನೆಯ ಆಮ್ಲದ ಶೀಶೆಯನ್ನು ತೆರೆದ ಮಾತ್ರಕ್ಕೆ ಉಸಿರಾಟಕ್ಕೆ ತೊಂದರೆಯಾಗದು. ಕುದಿಸಿದಾಗ ಏಳುವ ದಟ್ಟ ಬಿಳಿ ಹೊಗೆ ಮತ್ತು ಬ್ಯಾಟರಿ ಕಾರ್ಖಾನೆಗಳಲ್ಲಿ ಗುಳ್ಳೆಗಳು ಒಡೆದು ಏಳುವ ಸೂಕ್ಷ್ಮ ತುಂತುರು ಅಪಾಯಕಾರಿ. ಕೆಮ್ಮು, ಗಂಟಲುರಿ, ಎದೆಬಿಗಿತ ಮೊದಲ ಲಕ್ಷಣಗಳು. ಧ್ವನಿಪೆಟ್ಟಿಗೆ ಊದಿಕೊಂಡು ಉಸಿರುದಾರಿ ಮುಚ್ಚಬಹುದು. ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದು ಕೆಲವು ಗಂಟೆಗಳ ಬಳಿಕವೂ ಸಂಭವಿಸುವುದರಿಂದ, ಹೆಚ್ಚು ಹೊಗೆ ಕುಡಿದವರು ಆರಾಮವಾಗಿ ಕಂಡರೂ ವೈದ್ಯರ ನಿಗಾದಲ್ಲಿ ಇರಬೇಕಾಗುತ್ತದೆ. ಉಬ್ಬಸವಿರುವವರಿಗೆ ಇತರರಿಗಿಂತ ಕಡಮೆ ಪ್ರಮಾಣದಲ್ಲಿಯೇ ತೊಂದರೆ ಕಾಣಿಸಿಕೊಳ್ಳುತ್ತದೆ.

ನುಂಗುವಿಕೆ: ಬಾಯಿಯಿಂದ ಪಿಪೆಟ್ ಎಳೆಯುವ ಹಳೆಯ ಅಭ್ಯಾಸ ಪ್ರಯೋಗಾಲಯಗಳಲ್ಲಿ ಇದಕ್ಕೆ ಮುಖ್ಯ ಕಾರಣವಾಗಿತ್ತು. ರಬ್ಬರ್ ಬುಗ್ಗೆ ಇದ್ದರೂ ಪರೀಕ್ಷೆಯ ಅವಸರದಲ್ಲಿ ಬಾಯಿ ಹಚ್ಚುವವರು ಇದ್ದಾರೆ. ಮನೆಗಳಲ್ಲಿ ಕುಡಿಯುವ ನೀರಿನ ಬಾಟಲಿಗೆ ಬ್ಯಾಟರಿ ಆಮ್ಲ ತುಂಬಿಡುವುದು ಹೆಚ್ಚು ಘೋರವಾದದ್ದು. ಬಣ್ಣ, ವಾಸನೆ ಎರಡೂ ಇಲ್ಲದ ದ್ರವವನ್ನು ಮಗುವಾಗಲಿ ಬಾಯಾರಿದ ಕೆಲಸಗಾರನಾಗಲಿ ನೀರೆಂದೇ ಭಾವಿಸುತ್ತಾರೆ. ನುಂಗಿದ ಆಮ್ಲವು ಬಾಯಿ, ಅನ್ನನಾಳಗಳನ್ನು ಸುಟ್ಟು ಜಠರದ ಕೆಳಭಾಗದಲ್ಲಿ ನಿಲ್ಲುತ್ತದೆ. ಜಠರ ತೂತಾಗಬಹುದು. ಬದುಕುಳಿದವರಲ್ಲಿ ಕೆಲವು ವಾರಗಳ ಬಳಿಕ ಜಠರದ ಹೊರದಾರಿ ಅಥವಾ ಅನ್ನನಾಳ ಕಿರಿದಾಗಿ, ಉಂಡದ್ದು ಕೆಳಗಿಳಿಯದ ಸ್ಥಿತಿ ಬರುತ್ತದೆ. ಬಾಯಲ್ಲಿ ಗಾಯ ಕಾಣದಿದ್ದ ಮಾತ್ರಕ್ಕೆ ಒಳಗೆ ಗಾಯವಿಲ್ಲವೆಂದು ಹೇಳಲಾಗದು. ಒಳದರ್ಶಕದಿಂದ ಗಾಯದ ಮಟ್ಟವನ್ನು ವರ್ಗೀಕರಿಸಲು ಇಂದು ಜಗತ್ತಿನೆಲ್ಲೆಡೆ ಬಳಸುವ ಜರ್ಗರ್ ಶ್ರೇಣಿಯನ್ನು 1991ರಲ್ಲಿ ಪ್ರಕಟಿಸಿದವರು ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ವೈದ್ಯರು. ಇಂಥ ಪ್ರಕರಣಗಳು ಭಾರತದ ಆಸ್ಪತ್ರೆಗಳಿಗೆ ಎಷ್ಟು ಪರಿಚಿತವೆಂಬುದಕ್ಕೆ ಅದೊಂದು ಸೂಚನೆ.

ದೀರ್ಘಕಾಲಿಕ ಪರಿಣಾಮ: ಆಮ್ಲದ ತುಂತುರಿನಲ್ಲಿ ವರ್ಷಗಟ್ಟಲೆ ದುಡಿದವರ ಮುಂಬದಿಯ ಹಲ್ಲುಗಳ ಹೊರಕವಚ ಸವೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಗಂಧಕಾಮ್ಲವಿರುವ ಪ್ರಬಲ ಅಜೈವಿಕ ಆಮ್ಲಗಳ ತುಂತುರನ್ನು 1992ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಒಂದನೆಯ ಗುಂಪಿಗೆ ಸೇರಿಸಿತು. ಸಂಬಂಧ ಸ್ಪಷ್ಟವಾಗಿ ಕಂಡದ್ದು ಧ್ವನಿಪೆಟ್ಟಿಗೆಯ ಕ್ಯಾನ್ಸರಿಗೆ. ಈ ನಿರ್ಣಯವು ಕೈಗಾರಿಕೆಗಳಲ್ಲಿ ತುಂತುರಿಗೆ ಒಡ್ಡಿಕೊಂಡವರಿಗೆ ಅನ್ವಯಿಸುತ್ತದೆ. ವರ್ಷಕ್ಕೆ ಹತ್ತಾರು ಬಾರಿ ಪ್ರನಾಳದಲ್ಲಿ ಆಮ್ಲ ಬಳಸುವ ವಿದ್ಯಾರ್ಥಿ ಅದರಿಂದ ಭಯಪಡಬೇಕಾದ್ದಿಲ್ಲ. ಬಾಗಿಲು ಮುಚ್ಚಿದ ಕೋಣೆಯಲ್ಲಿ ದಿನವೂ ಕೆಲ್ಡಾಲ್ ಫ್ಲಾಸ್ಕುಗಳನ್ನು ಕುದಿಸುವ ಪ್ರಯೋಗಾಲಯ ಸಹಾಯಕನ ವಿಷಯ ಬೇರೆ. ಕೆಲಸದ ಸ್ಥಳದ ಗಾಳಿಯಲ್ಲಿ ಎಂಟು ಗಂಟೆಗಳ ಸರಾಸರಿಯಾಗಿ ಘನಮೀಟರಿಗೆ 1 ಮಿ.ಗ್ರಾಂ. ಎಂಬುದು ಹಳೆಯ ಮಿತಿ. ಅಮೆರಿಕದ ಕೈಗಾರಿಕಾ ಆರೋಗ್ಯ ತಜ್ಞರ ಸಂಘಟನೆ ಅದನ್ನು 0.2 ಮಿ.ಗ್ರಾಂ.ಗೆ ಇಳಿಸಿದೆ.

ಪ್ರಥಮ ಚಿಕಿತ್ಸೆ

ಆಮ್ಲ ತಾಗಿದ ಚರ್ಮವನ್ನು ಮತ್ತು ಕಣ್ಣನ್ನು ಕೂಡಲೇ ಧಾರಾಳವಾದ ಹರಿಯುವ ನೀರಿನಿಂದ ತೊಳೆಯುವುದೊಂದೇ ಪರಿಣಾಮಕಾರಿ ಉಪಾಯ. ತರಗತಿಯಲ್ಲಿ ಕಲಿತ ‘ಆಮ್ಲಕ್ಕೆ ನೀರು ಹಾಕಬಾರದು’ ಎಂಬ ನಿಯಮವನ್ನು ನೆನೆದು ಗಾಯಕ್ಕೆ ನೀರು ಹಾಕಲು ಹಿಂಜರಿಯುವವರಿದ್ದಾರೆ. ಆ ನಿಯಮ ಬೀಕರಿನಲ್ಲಿ ದ್ರಾವಣ ತಯಾರಿಸುವವರಿಗಾಗಿ ಇರುವುದು. ಬೀಕರಿನಲ್ಲಿ ಆಮ್ಲ ಹೆಚ್ಚು, ಬಿದ್ದ ನೀರು ಕಡಮೆ. ಹುಟ್ಟಿದ ಶಾಖ ಅಲ್ಲಿಯೇ ಉಳಿಯುತ್ತದೆ. ಕೈಯ ಮೇಲೆ ಆಮ್ಲ ಕೆಲವೇ ಹನಿ, ನಲ್ಲಿಯಿಂದ ಸುರಿಯುವ ನೀರು ಅದರ ಸಾವಿರ ಪಟ್ಟು. ಶಾಖವನ್ನೂ ಆಮ್ಲವನ್ನೂ ಅದು ಜೊತೆಯಲ್ಲಿಯೇ ಕೊಚ್ಚಿಕೊಂಡು ಹೋಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸುವುದಾಗಲಿ ಲೋಟದಿಂದ ಚಿಮುಕಿಸುವುದಾಗಲಿ ಸಾಲದು. ನೀರು ಸಣ್ಣದಾಗಿ ತೊಟ್ಟಿಕ್ಕಿದರೆ ಮಾತ್ರ ಶಾಖದ ಆಕ್ಷೇಪಣೆಯಲ್ಲಿ ಹುರುಳುಂಟು.

ತೊಳೆಯುತ್ತಿರುವಾಗಲೇ ಆಮ್ಲ ತಾಗಿದ ಬಟ್ಟೆ, ಉಂಗುರ, ಬಳೆ, ಕೈಗಡಿಯಾರ, ಪಾದರಕ್ಷೆಗಳನ್ನು ತೆಗೆಯಬೇಕು. ಸಂಕೋಚದಿಂದ ಬಟ್ಟೆ ತೆಗೆಯಲು ತಡಮಾಡುವುದರಿಂದ ಗಾಯ ಆಳವಾಗುತ್ತದೆ. ಸುತ್ತಲಿನವರು ಪರದೆ ಹಿಡಿದು ನೆರವಾಗಬಹುದು. ತಲೆಯ ಮೇಲಿಂದ ಎಳೆದು ತೆಗೆಯಬೇಕಾದ ಉಡುಪನ್ನು ಕತ್ತರಿಸುವುದು ಒಳ್ಳೆಯದು, ಇಲ್ಲವಾದರೆ ಆಮ್ಲ ಮುಖಕ್ಕೆ ಸವರಿಕೊಳ್ಳುತ್ತದೆ. ನೆರವಾಗುವವರು ಕೈಗವಸು ಧರಿಸಿರಬೇಕು. ಅಡುಗೆ ಸೋಡಾ, ಸುಣ್ಣದ ತಿಳಿ ಮುಂತಾದವುಗಳಿಂದ ಗಾಯದ ಮೇಲೆ ಆಮ್ಲವನ್ನು ತಟಸ್ಥಗೊಳಿಸಲು ಹೋಗಬಾರದು. ಆ ಕ್ರಿಯೆಯೂ ಶಾಖ ಹೊಮ್ಮಿಸುತ್ತದೆ, ಹುಡುಕುವುದರಲ್ಲಿ ಸಮಯ ಕಳೆಯುತ್ತದೆ. ಟೂತ್‌ಪೇಸ್ಟ್, ಅರಿಸಿನ, ಬೆಣ್ಣೆ, ಶಾಯಿಗಳನ್ನು ಹಚ್ಚುವುದರಿಂದ ಗಾಯದ ಮಟ್ಟ ವೈದ್ಯರಿಗೆ ಕಾಣದಂತಾಗುವುದಲ್ಲದೆ ಬೇರೇನೂ ಪ್ರಯೋಜನವಿಲ್ಲ. ಕ್ಯಾಲ್ಸಿಯಂ ಗ್ಲುಕೊನೇಟ್ ಮುಲಾಮು ಹೈಡ್ರೋಫ್ಲೋರಿಕ್ ಆಮ್ಲದ ಗಾಯಕ್ಕೆ ಮೀಸಲಾದ ಮದ್ದು, ಇದಕ್ಕಲ್ಲ.

ಕಣ್ಣಿಗೆ ಬಿದ್ದಾಗ ನೋವಿನಿಂದ ರೆಪ್ಪೆಗಳು ತಾವಾಗಿಯೇ ಬಿಗಿದುಕೊಳ್ಳುತ್ತವೆ. ಬೇರೊಬ್ಬರು ಬೆರಳುಗಳಿಂದ ಅವನ್ನು ಬಿಡಿಸಿ ಹಿಡಿದು, ತಲೆಯನ್ನು ಗಾಯವಾದ ಕಣ್ಣಿನ ಕಡೆಗೆ ವಾಲಿಸಿ, ತೊಳೆದ ನೀರು ಇನ್ನೊಂದು ಕಣ್ಣಿಗೆ ಹರಿಯದಂತೆ ನೋಡಿಕೊಳ್ಳಬೇಕು. ಕನಿಷ್ಠ 15 ನಿಮಿಷ ತೊಳೆಯಬೇಕು. ಸಾರೀಕೃತ ಆಮ್ಲವಾದರೆ ಅರ್ಧ ಗಂಟೆಯೂ ಹೆಚ್ಚಲ್ಲ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೊಳೆಯುತ್ತಲೇ ತೆಗೆಯಬೇಕು, ಅದಕ್ಕಾಗಿ ತೊಳೆಯುವುದನ್ನು ನಿಲ್ಲಿಸಬಾರದು. ಆಸ್ಪತ್ರೆಯಲ್ಲಿ ಕಣ್ಣೀರಿನ ಪಿಎಚ್ ಮೌಲ್ಯವನ್ನು ಕಾಗದದಿಂದ ಪರೀಕ್ಷಿಸಿ, ಅದು 7ರ ಆಸುಪಾಸಿಗೆ ಬಂದು ನಿಲ್ಲುವವರೆಗೂ ತೊಳೆಯುವುದನ್ನು ಮುಂದುವರಿಸಲಾಗುತ್ತದೆ.

ನುಂಗಿದವರಿಗೆ ಬಾಯಿ ಮುಕ್ಕಳಿಸಲು ನೀರು ಕೊಡಬಹುದು. ವಾಂತಿ ಮಾಡಿಸಲೇಬಾರದು; ಮೇಲೇರುವ ಆಮ್ಲ ಅನ್ನನಾಳವನ್ನು ಎರಡನೆಯ ಬಾರಿ ಸುಡುತ್ತದೆ, ಉಸಿರುದಾರಿಗೂ ಇಳಿಯಬಹುದು. ಉಪ್ಪುನೀರು, ಮೊಟ್ಟೆ, ಇದ್ದಿಲ ಪುಡಿ ಯಾವುದೂ ಸಲ್ಲ. ತುರ್ತು ವಾಹನಕ್ಕೆ 108 ಸಂಖ್ಯೆಗೆ ಕರೆ ಮಾಡಬಹುದು. ಈ ಭಾಗದವರಿಗೆ ಜಯನಗರದ ಸಾರ್ವಜನಿಕ ಆಸ್ಪತ್ರೆ ಮತ್ತು ಹೊಸೂರು ರಸ್ತೆಯ ಕಡೆಯವರಿಗೆ ಸೇಂಟ್ ಜಾನ್ಸ್ ಆಸ್ಪತ್ರೆ ಸಮೀಪದವು. ದೊಡ್ಡ ಸುಟ್ಟಗಾಯಗಳಿಗೆ ವಿಕ್ಟೋರಿಯಾ ಆಸ್ಪತ್ರೆಯ ಮಹಾಬೋಧಿ ಸುಟ್ಟಗಾಯ ಕೇಂದ್ರ, ಕಣ್ಣಿಗೆ ಮಿಂಟೋ ಆಸ್ಪತ್ರೆ ಸರ್ಕಾರಿ ವಲಯದ ಉನ್ನತ ಕೇಂದ್ರಗಳು. ಆದರೆ ತೊಳೆಯದೆ ವಾಹನವೇರಿದ ಗಾಯಾಳುವಿಗೆ ಬನಶಂಕರಿಯಿಂದ ಕಲಾಸಿಪಾಳ್ಯದವರೆಗಿನ ಸಂಚಾರ ದಟ್ಟಣೆಯ ಪ್ರತಿ ನಿಮಿಷವೂ ಗಾಯಕ್ಕೆ ಕೂಡುತ್ತದೆ.

ನೀರಿನ ಲಭ್ಯತೆ

ತುರ್ತು ತೊಳೆಯುವಿಕೆಯ ಸಾಧನಗಳಿಗೆ ಅಮೆರಿಕದ ರಾಷ್ಟ್ರೀಯ ಮಾನಕವನ್ನು ಹಲವು ದೇಶಗಳು ಅನುಸರಿಸುತ್ತವೆ. ಅದರಂತೆ ಮೈತೊಳೆಯುವ ತುರ್ತು ಷವರ್ ನಿಮಿಷಕ್ಕೆ 75.7 ಲೀಟರ್ ನೀರನ್ನು 15 ನಿಮಿಷಗಳ ಕಾಲ ಕೊಡಬೇಕು. ಲೆಕ್ಕ ಹಾಕಿದರೆ ಒಬ್ಬ ಗಾಯಾಳುವಿಗೆ 1,135 ಲೀಟರ್. ಮಾಳಿಗೆಯ ಮೇಲೆ 500 ಅಥವಾ 1,000 ಲೀಟರಿನ ಒಂದೇ ಟ್ಯಾಂಕ್ ಇರುವ, ಶೌಚಾಲಯಕ್ಕೂ ಅದೇ ನೀರು ಹೋಗುವ ಕಟ್ಟಡದಲ್ಲಿ ಷವರ್ ಅಳವಡಿಸಿದ ಮಾತ್ರಕ್ಕೆ ಕೆಲಸ ಮುಗಿಯದು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಸಾವಿರಾರು ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ನೀರಿಗಾಗಿ ಕಾಯುವ ಸ್ಥಿತಿ ಬಂದದ್ದನ್ನು ನೆನೆದರೆ, ಆಮ್ಲ ಬಳಸುವ ದಿನ ಟ್ಯಾಂಕಿನ ಮಟ್ಟ ನೋಡುವುದು ಸುರಕ್ಷತಾ ಪರಿಶೀಲನೆಯ ಭಾಗವೇ ಆಗಬೇಕಾಗುತ್ತದೆ.

ಕಣ್ಣಿಗೆ ಬೇಕಾದ ನೀರು ಇಷ್ಟಿಲ್ಲ. ಕಣ್ತೊಳೆಯುವ ಸಾಧನಕ್ಕೆ ನಿಮಿಷಕ್ಕೆ 1.5 ಲೀಟರ್ ಸಾಕೆಂದು ಅದೇ ಮಾನಕ ಹೇಳುತ್ತದೆ. 15 ನಿಮಿಷಕ್ಕೆ 22.5 ಲೀಟರ್. ಇದು ಕುಡಿಯುವ ನೀರಿನ 20 ಲೀಟರ್ ಕ್ಯಾನ್ ಒಂದಕ್ಕಿಂತ ಸ್ವಲ್ಪ ಹೆಚ್ಚು. ನಲ್ಲಿಯಲ್ಲಿ ನೀರು ಬಾರದ ದಿನವೂ ಎರಡು ಕ್ಯಾನ್‌ಗಳನ್ನು ಮೇಜಿನ ಬಳಿ ಇರಿಸಿಕೊಂಡ ಪ್ರಯೋಗಾಲಯ ಒಂದು ಕಣ್ಣನ್ನು ಉಳಿಸಬಲ್ಲದು. ಕೊಳವೆಬಾವಿಯ ಗಡಸು ನೀರಾದರೂ ಅಡ್ಡಿಯಿಲ್ಲ. ಶುದ್ಧ ನೀರು ಹುಡುಕುತ್ತ ನಿಲ್ಲುವುದಕ್ಕಿಂತ ಅದು ಎಷ್ಟೋ ಮೇಲು. ನೀರಿನ ಉಷ್ಣಾಂಶ 16ರಿಂದ 38 ಡಿಗ್ರಿಯ ನಡುವೆ ಇರಬೇಕೆಂಬುದು ಇನ್ನೊಂದು ಷರತ್ತು. ಏಪ್ರಿಲ್ ತಿಂಗಳ ಮಧ್ಯಾಹ್ನ ಮಾಳಿಗೆಯ ಮೇಲೆ ಬಿಸಿಲಿಗೆ ಬಿದ್ದಿರುವ ಕೊಳವೆಯ ಮೊದಲ ನೀರು ಈ ಮಿತಿ ಮೀರಿರುವ ಸಾಧ್ಯತೆ ಇರುವುದರಿಂದ, ತುಸು ಹರಿಯಬಿಟ್ಟು ಕಣ್ಣಿಗೆ ಹಿಡಿಯುವುದು ಲೇಸು.

ಮುಂಜಾಗ್ರತೆ

ಸಾಮಾನ್ಯ ಕನ್ನಡಕ ಮುಂದಿನಿಂದ ಬರುವ ಹನಿಯನ್ನು ಮಾತ್ರ ತಡೆಯುತ್ತದೆ. ಪಕ್ಕಗಳೂ ಮುಚ್ಚಿರುವ ರಕ್ಷಣಾ ಕನ್ನಡಕ ಬೇಕು; ಹೆಚ್ಚು ಪ್ರಮಾಣ ಸುರಿಯುವಾಗ ಅದರ ಮೇಲೆ ಮುಖಗವಸೂ ಬೇಕು. ಕೈಗವಸಿನ ಬಗ್ಗೆ ತಪ್ಪು ಭರವಸೆ ವ್ಯಾಪಕವಾಗಿದೆ. ಕೋವಿಡ್ ಕಾಲದ ಬಳಿಕ ಎಲ್ಲೆಡೆ ಸಿಗುವ ತೆಳು ನೈಟ್ರೈಲ್ ಕೈಗವಸು ಸಾರರಿಕ್ತ ಆಮ್ಲಕ್ಕೆ ಸಾಕಾದರೂ, ಶೇ. 98ರ ಆಮ್ಲ ಅದನ್ನು ಬೇಗ ಕೆಡಿಸುತ್ತದೆ. ದಪ್ಪ ನಿಯೋಪ್ರೀನ್ ಅಥವಾ ಬ್ಯುಟೈಲ್ ರಬ್ಬರಿನವು ತಕ್ಕವು. ನೈಲಾನ್ ಬಟ್ಟೆ ಸಾರೀಕೃತ ಗಂಧಕಾಮ್ಲದಲ್ಲಿ ಕರಗಿಯೇ ಹೋಗುತ್ತದೆ. ಕಾಲ್ಬೆರಳು ಕಾಣುವ ಚಪ್ಪಲಿ, ಇಳಿಬಿಟ್ಟ ದುಪಟ್ಟಾ ಮತ್ತು ಸೆರಗು, ಕಟ್ಟದ ಕೂದಲು ಸಲ್ಲವು.

2.5 ಲೀಟರಿನ ಶೀಶೆಯಲ್ಲಿ ಆಮ್ಲವೇ 4.6 ಕಿ.ಗ್ರಾಂ. ತೂಗುತ್ತದೆ. ಅದನ್ನು ಕತ್ತಿನಲ್ಲಿ ಹಿಡಿದು ಒಯ್ಯದೆ, ಬಕೆಟ್ಟಿನಲ್ಲಿ ಅಥವಾ ರಬ್ಬರ್ ವಾಹಕದಲ್ಲಿ ಇರಿಸಿ ಒಯ್ಯಬೇಕು. ಸಂಗ್ರಹದ ಜಾಗ ಕಣ್ಣಿನ ಮಟ್ಟಕ್ಕಿಂತ ಕೆಳಗೆ, ಆಮ್ಲನಿರೋಧಕ ತಟ್ಟೆಯೊಳಗೆ ಇರಬೇಕು.

ಬೇರೆ ರಾಸಾಯನಿಕಗಳೊಡನೆ ಸೇರಿದಾಗಿನ ಅಪಾಯ ಕೆಲವೊಮ್ಮೆ ಆಮ್ಲದ್ದಕ್ಕಿಂತ ದೊಡ್ಡದು. ಪರ್ಮಾಂಗನೇಟ್ ಟೈಟ್ರೇಷನ್ನಿನಲ್ಲಿ ಸಾರರಿಕ್ತ ಆಮ್ಲದ ಬದಲಿಗೆ ಪಕ್ಕದ ಶೀಶೆಯ ಸಾರೀಕೃತ ಆಮ್ಲವನ್ನು ಘನ ಪರ್ಮಾಂಗನೇಟಿಗೆ ಸೇರಿಸಿದರೆ ಆಸ್ಫೋಟಕವಾದ ಮ್ಯಾಂಗನೀಸ್ ಹೆಪ್ಟಾಕ್ಸೈಡ್ ಉಂಟಾಗುತ್ತದೆ. ಎರಡೂ ಶೀಶೆಗಳು ಒಂದೇ ಮೇಜಿನ ಮೇಲೆ, ಒಂದೇ ಆಕಾರದಲ್ಲಿ ಇರುವುದು ಈ ದೃಷ್ಟಿಯಿಂದ ಆತಂಕದ ವಿಷಯ. ಕ್ಲೋರೇಟುಗಳೊಡನೆ ಸೇರಿದರೂ ಆಸ್ಫೋಟ ಸಂಭವಿಸಬಹುದು. ಸಯನೈಡು ಮತ್ತು ಸಲ್ಫೈಡುಗಳಿಂದ ಮಾರಕ ಅನಿಲಗಳು ಹೊರಡುತ್ತವೆ. ಬ್ಲೀಚಿಂಗ್ ಪುಡಿಯಿಂದ ಕ್ಲೋರಿನ್ ಏಳುತ್ತದೆ.

ಚೆಲ್ಲಿದ ಆಮ್ಲ ಮತ್ತು ತ್ಯಾಜ್ಯ

ನೆಲಕ್ಕೆ ಚೆಲ್ಲಿದ ಸ್ವಲ್ಪ ಆಮ್ಲವನ್ನು ಒಣ ಮರಳಿನಿಂದ ಸುತ್ತುಗಟ್ಟಿ, ಅಡುಗೆ ಸೋಡಾ ಉದುರಿಸಿ ತಟಸ್ಥಗೊಳಿಸಬಹುದು. ಮರದ ಹೊಟ್ಟು ಮತ್ತು ಹಳೆ ಬಟ್ಟೆಗಳು ಕರಿಯಾಗಿ ಬಿಸಿಯೇರುವುದರಿಂದ ಅವನ್ನು ಬಳಸಬಾರದು. ಒಂದು ಲೀಟರ್ ಸಾರೀಕೃತ ಆಮ್ಲಕ್ಕೆ ಸುಮಾರು 3 ಕಿ.ಗ್ರಾಂ. ಸೋಡಾ ಬೇಕಾಗುತ್ತದೆ, ಸುಮಾರು 900 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಕಪಾಟಿನಲ್ಲಿ ಇಟ್ಟಿರುವ ನೂರು ಗ್ರಾಮಿನ ಪೊಟ್ಟಣ ಯಾವುದಕ್ಕೂ ಸಾಲದು.

ತಟಸ್ಥಗೊಳಿಸದ ಆಮ್ಲವನ್ನು ತೊಟ್ಟಿಗೆ ಸುರಿಯುವುದು ಇತರರ ಜೀವಕ್ಕೆ ಕುತ್ತು. ಜಯನಗರ, ಬಿ.ಟಿ.ಎಂ. ಕಡೆಯ ಒಳಚರಂಡಿ ಕೋರಮಂಗಲ–ಚಲ್ಲಘಟ್ಟ ಕಣಿವೆಗೂ, ಬನಶಂಕರಿಯ ಬಹುಭಾಗದ್ದು ವೃಷಭಾವತಿ ಕಣಿವೆಗೂ ಹರಿಯುತ್ತದೆ. ಕೊಳಚೆಯಲ್ಲಿ ಕರಗಿರುವ ಸಲ್ಫೈಡಿನೊಡನೆ ಆಮ್ಲ ಸೇರಿದರೆ ಹೈಡ್ರೋಜನ್ ಸಲ್ಫೈಡ್ ಬಿಡುಗಡೆಯಾಗುತ್ತದೆ. ಮ್ಯಾನ್‌ಹೋಲ್‌ಗಳಲ್ಲಿ ಉಸಿರುಗಟ್ಟಿ ಸಾಯುವ ಕಾರ್ಮಿಕರನ್ನು ಬಲಿ ತೆಗೆದುಕೊಳ್ಳುವ ಅನಿಲಗಳಲ್ಲಿ ಅದು ಪ್ರಮುಖವಾದದ್ದು. ಡೈಕ್ರೋಮೇಟ್, ಪಾದರಸ ಅಥವಾ ಸೀಸ ಬೆರೆತ ಆಮ್ಲವನ್ನು ತಟಸ್ಥಗೊಳಿಸಿದರೂ ಚರಂಡಿಗೆ ಬಿಡುವಂತಿಲ್ಲ. ಅದು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಿಗೆ ಒಳಪಡುತ್ತದೆ.

ಕಾನೂನು

ಆಮ್ಲದ ಮಾರಾಟ ಮತ್ತು ಸಂಗ್ರಹದ ಮೇಲಿನ ಇಂದಿನ ಕಟ್ಟುಪಾಡುಗಳು ಅಪಘಾತಗಳಿಂದಲ್ಲ, ದಾಳಿಗಳಿಂದ ಬಂದವು. 1999ರಲ್ಲಿ ಬೆಂಗಳೂರಿನಲ್ಲಿ ಯುವತಿಯೊಬ್ಬರ ಮೇಲೆ ನಡೆದ ಆಮ್ಲದಾಳಿಯ ಪ್ರಕರಣದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು 2006ರ ಆಗಸ್ಟ್‌ನಲ್ಲಿ ಅಪರಾಧಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಈ ತೀರ್ಪನ್ನು ಭಾರತದ ಕಾನೂನು ಆಯೋಗವು ಆಮ್ಲದಾಳಿ ಕುರಿತ ತನ್ನ 226ನೆಯ ವರದಿಯಲ್ಲಿ ಪ್ರಸ್ತಾಪಿಸಿದೆ. 2013ರಲ್ಲಿ ಭಾರತೀಯ ದಂಡ ಸಂಹಿತೆಗೆ 326ಎ ಮತ್ತು 326ಬಿ ಕಲಮುಗಳು ಸೇರಿದವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 124ನೆಯ ಕಲಮು ಕನಿಷ್ಠ 10 ವರ್ಷಗಳಿಂದ ಜೀವಾವಧಿಯವರೆಗಿನ ಶಿಕ್ಷೆಯನ್ನು ಮುಂದುವರಿಸಿದೆ. ಆದರೂ ದಾಳಿಗಳು ನಿಂತಿಲ್ಲ. 2022ರ ಏಪ್ರಿಲ್‌ನಲ್ಲಿ ಸುಂಕದಕಟ್ಟೆಯಲ್ಲಿ ಯುವತಿಯೊಬ್ಬರು ಆಮ್ಲದಾಳಿಗೆ ಗುರಿಯಾದರು. ಅದೇ ವರ್ಷದ ಜೂನ್‌ನಲ್ಲಿ ಜೆ.ಪಿ.ನಗರದ ಸಾರಕ್ಕಿ ಬಳಿ ಮಹಿಳೆಯೊಬ್ಬರ ಮೇಲೆ ರಾಸಾಯನಿಕ ಎರಚಲಾಯಿತು.

ಸರ್ವೋಚ್ಚ ನ್ಯಾಯಾಲಯವು ಲಕ್ಷ್ಮಿ ಮತ್ತು ಭಾರತ ಒಕ್ಕೂಟದ ನಡುವಿನ ಪ್ರಕರಣದಲ್ಲಿ 2013ರ ಜುಲೈ 18ರಂದು ನೀಡಿದ ಆದೇಶದಂತೆ, ಕೊಳ್ಳುವವರ ವಿವರ ಮತ್ತು ಪ್ರಮಾಣವನ್ನು ದಾಖಲಿಸುವ ವಹಿ ಇಲ್ಲದೆ ಆಮ್ಲ ಮಾರುವಂತಿಲ್ಲ. ಕೊಳ್ಳುವವರು ಸರ್ಕಾರಿ ಗುರುತಿನ ಚೀಟಿ ತೋರಿಸಿ ಉದ್ದೇಶವನ್ನು ತಿಳಿಸಬೇಕು, 18 ವರ್ಷದೊಳಗಿನವರಿಗೆ ಮಾರುವಂತಿಲ್ಲ. ಉಲ್ಲಂಘನೆಗೆ 50,000 ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಈ ಆದೇಶದ ಇನ್ನೊಂದು ಭಾಗ ಅಷ್ಟಾಗಿ ಪ್ರಚಾರ ಪಡೆಯಲಿಲ್ಲ. ಆಮ್ಲ ಇರಿಸಿಕೊಳ್ಳುವ ಶಿಕ್ಷಣ ಸಂಸ್ಥೆಗಳು, ಸಂಶೋಧನಾ ಪ್ರಯೋಗಾಲಯಗಳು ಮತ್ತು ಆಸ್ಪತ್ರೆಗಳು ಬಳಕೆಯ ವಹಿ ಇಟ್ಟು ಅದನ್ನು ಉಪವಿಭಾಗೀಯ ದಂಡಾಧಿಕಾರಿಗೆ ಸಲ್ಲಿಸಬೇಕು. ಸಂಗ್ರಹಕ್ಕೆ ಒಬ್ಬ ವ್ಯಕ್ತಿಯನ್ನು ಹೊಣೆಗಾರನನ್ನಾಗಿ ನೇಮಿಸಬೇಕು. ಆಮ್ಲ ಬಳಸುವ ಪ್ರಯೋಗಾಲಯದಿಂದ ಹೊರಹೋಗುವ ವಿದ್ಯಾರ್ಥಿ ಮತ್ತು ಸಿಬ್ಬಂದಿಯನ್ನು ಕಡ್ಡಾಯವಾಗಿ ತಪಾಸಣೆ ಮಾಡಬೇಕು. ಬಳಕೆಯ ವಹಿಯಲ್ಲಿ ದಿನವೂ ಮಿಲಿಲೀಟರುಗಳಲ್ಲಿ ಬರೆದಿಟ್ಟರೆ, ಶೀಶೆಯಲ್ಲಿ ಉಳಿದಿರುವುದಕ್ಕೂ ಪುಸ್ತಕದಲ್ಲಿರುವುದಕ್ಕೂ ತಾಳೆಯಾಗದ ದಿನವನ್ನು ಕೂಡಲೇ ಗುರುತಿಸಬಹುದು.

ದಾಳಿಗೆ ಒಳಗಾದವರಿಗೆ ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳೆರಡೂ ಉಚಿತವಾಗಿ ಚಿಕಿತ್ಸೆ ನೀಡಬೇಕೆಂದು ಅದೇ ಪ್ರಕರಣದಲ್ಲಿ 2015ರ ಏಪ್ರಿಲ್ 10ರಂದು ನ್ಯಾಯಾಲಯ ಸ್ಪಷ್ಟಪಡಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಆಮ್ಲದಾಳಿಗೆ ಒಳಗಾದವರನ್ನು ತನ್ನ 21 ವರ್ಗಗಳಲ್ಲಿ ಸೇರಿಸಿದೆ. ಪ್ರಯೋಗಾಲಯದ ಅಪಘಾತದಲ್ಲಿ ಕಣ್ಣು ಕಳೆದುಕೊಂಡ ವಿದ್ಯಾರ್ಥಿ ಈ ವರ್ಗಕ್ಕೆ ಸೇರುವುದಿಲ್ಲ. ಆತ ದೃಷ್ಟಿದೋಷದ ವರ್ಗದಲ್ಲಿ ಅರ್ಜಿ ಸಲ್ಲಿಸಬೇಕಾಗುತ್ತದೆ.